ಕೊನೆಯ ಗಾಡಿಯ ಕ್ಯಾಪ್ಟನಕ್ಕ

ಕ್ಯಾಪ್ಟನಕ್ಕ ಮೊದಲ ಸಲ ವಿಧಾನಸಭೆ ಚುನಾವಣೆಗೆ ನಿಂತಾಗ ಸ್ವಂತ ಅತ್ತೆಯೇ ಆಕೆಗೆ ವೋಟು ಹಾಕಲಿಲ್ಲ. ಇದು ಊರಿನವರು ಕಟ್ಟಿದ ಕಥೆಯಲ್ಲ. ಫಲಿತಾಂಶ ಬಂದ ದಿನ ಸಂಜೆ, ಬೇಕರಿಯ ಹಿಂದಿನ ಅಡುಗೆಮನೆಯಲ್ಲಿ ಟೀ ಸೋಸುತ್ತಾ ಅತ್ತೆಯೇ ಬಾಯಿಬಿಟ್ಟು ಹೇಳಿದ ಮಾತು.

“ನಾನು ಅವನಿಗೇ ಹಾಕಿದೆ ಕಣೇ.”

“ಯಾರಿಗೆ ಅತ್ತೆ?”

“ಇನ್ಯಾರಿಗೆ? ಆ ನಾಳೆಬನ್ನಿಗೆ.”

ಸೊಸೆ ಲೋಟವನ್ನು ಕೆಳಗಿಟ್ಟಳು. “ಯಾಕೆ?”

“ನಿನ್ನ ಭಾಷಣ ಕೇಳ್ತಾ ಇದ್ರೆ ನಾನೇನೋ ತಪ್ಪು ಮಾಡಿ ಸಿಕ್ಕಿಬಿದ್ದ ಹಾಗೆ ಆಗ್ತಿತ್ತು. ‘ಏಳಿ! ಎದ್ದು ನಿಲ್ಲಿ! ಎಚ್ಚೆತ್ತುಕೊಳ್ಳಿ!’ ಅಂತ ಒಂದೇ ಸಮ ಕೂಗ್ತಿದ್ದೆ. ಮಂಡಿನೋವಿನವಳು ನಾನು, ಎಷ್ಟು ಸಲ ಅಂತ ಎದ್ದು ನಿಲ್ಲಲಿ? ಅವನು ಸುಳ್ಳು ಹೇಳ್ತಾನೆ, ಗೊತ್ತು. ಆದ್ರೆ ನಗ್ತಾ ಹೇಳ್ತಾನೆ.”

ಗಂಡ ಒಲೆಯ ಕಡೆ ತಿರುಗಿ, ಬ್ರೆಡ್ಡಿನ ತಟ್ಟೆಗಳನ್ನು ಎಳೆಯುವ ನೆಪದಲ್ಲಿ ನಗು ನುಂಗಿಕೊಂಡ. ಅವನ ಭುಜ ಕುಲುಕಿದ್ದು ಆಕೆಗೆ ಕಾಣಿಸಿತು. ಠೇವಣಿ ಕಳೆದುಕೊಂಡದ್ದಕ್ಕಿಂತ ಅದು ಜಾಸ್ತಿ ಚುಚ್ಚಿತು.

ಆಕೆ ಇಪ್ಪತ್ತು ವರ್ಷ ಸೈನ್ಯದಲ್ಲಿ ದುಡಿದು ಬಂದವಳು. ಲಾರಿ ಡ್ರೈವರಾಗಿ ಸೇರಿ, ಸರಕು ಸಾಗಿಸುವ ಪಡೆಯಲ್ಲಿ ಕ್ಯಾಪ್ಟನ್ ಆಗಿ ನಿವೃತ್ತಳಾದಳು. ಹಿಮ ಬೀಳುವ ಗಡಿಯ ರಸ್ತೆಗಳಲ್ಲಿ ಔಷಧಿ, ಸೀಮೆಎಣ್ಣೆ, ಕಂಬಳಿ, ಮದ್ದುಗುಂಡು ಹೊತ್ತ ಲಾರಿಗಳ ಸಾಲನ್ನು ಏರಿಸಿ ಇಳಿಸುವುದು ಆಕೆಯ ಕೆಲಸವಾಗಿತ್ತು. ಊರಿಗೆ ಬಂದ ಮೇಲೆ ಬೇಕರಿಯ ಪಕ್ಕದ ಖಾಲಿ ಜಾಗದಲ್ಲಿ ಒಂದು ಹಳೆಯ ಕಾರು ಇಟ್ಟುಕೊಂಡು ಡ್ರೈವಿಂಗ್ ಸ್ಕೂಲ್ ತೆರೆದಳು. ಕಲಿಯಲು ಬಂದವರು ಗೇರು ಕಿರುಚಿಸಿದರೂ, ಗೋಡೆಗೆ ಗುದ್ದಿದರೂ ಆಕೆಯ ದನಿ ಏರುತ್ತಿರಲಿಲ್ಲ. “ಪರವಾಗಿಲ್ಲ, ಗೋಡೆ ಗಟ್ಟಿಯಾಗಿದೆ. ಮತ್ತೆ ಸ್ಟಾರ್ಟ್ ಮಾಡಿ” ಎನ್ನುತ್ತಿದ್ದಳು. ಊರಿನ ಹೆಂಗಸರು ಗಂಡಂದಿರ ಹತ್ತಿರ ಕಲಿಯಲು ಹೋಗಿ, ಜಗಳ ಮಾಡಿಕೊಂಡು, ಕೊನೆಗೆ ಆಕೆಯ ಹತ್ತಿರವೇ ಬರುತ್ತಿದ್ದರು.

ಅಂಥವಳ ಬಾಗಿಲಿಗೆ ಒಂದು ಪಕ್ಷದವರು ಬಂದರು. ಅವರಿಗೆ ಬೇಕಾಗಿದ್ದು ಆಕೆಯಲ್ಲ, ಆಕೆಯ ಸಮವಸ್ತ್ರ. ಪದಕ ಹಾಕಿದ ಫೋಟೋ ತೆಗೆಸಿದರು, ಊರಿನ ಗೋಡೆಗಳ ತುಂಬ ಅಂಟಿಸಿದರು, ರಟ್ಟಿನ ಟ್ಯಾಂಕು ಕಟ್ಟಿದ ವ್ಯಾನಿನ ಹಿಂದೆ ತೆರೆದ ಜೀಪಿನಲ್ಲಿ ಆಕೆಯನ್ನು ನಿಲ್ಲಿಸಿ ಬೀದಿ ಸುತ್ತಿಸಿದರು. ಮೈಕು ಕೈಗೆ ಬಂದದ್ದೇ ತಡ, ಕಾರಿನಲ್ಲಿ ಅಷ್ಟು ಮೆತ್ತಗೆ ಮಾತಾಡುವ ಹೆಂಗಸು ಕವಾಯತಿನ ಮೈದಾನದ ದನಿಯಲ್ಲಿ ಗುಡುಗತೊಡಗಿದಳು. ಜನ ಭಯದಿಂದ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಿ ಮನೆಗೆ ಹೋಗಿ, ಹಳೆಯ ಶಾಸಕರಿಗೇ ವೋಟು ಹಾಕಿದರು.

ಹಳೆಯ ಶಾಸಕರಿಗೆ ಒಂದು ಒಳ್ಳೆಯ ಹೆಸರಿತ್ತು. ಅದನ್ನು ಯಾರೂ ಬಳಸುತ್ತಿರಲಿಲ್ಲ. ಏನೇ ಕೆಲಸ ಹೊತ್ತು ಹೋದರೂ ಅವರು ಎದ್ದು ಬಂದು, ಎರಡೂ ಕೈ ಹಿಡಿದುಕೊಂಡು, ಮನೆಯವರನ್ನೆಲ್ಲ ವಿಚಾರಿಸಿ, ಟೀ ಕುಡಿಸಿ, “ನಾಳೆ ಬನ್ನಿ, ಮಾಡೋಣ” ಎನ್ನುತ್ತಿದ್ದರು. ಹೋದವರು ಸಂತೋಷದಿಂದಲೇ ವಾಪಸಾಗುತ್ತಿದ್ದರು. ಹೀಗೆ ಊರಿಡೀ ಅವರನ್ನು ನಾಳೆಬನ್ನಿ ಎಂದು ಕರೆಯುತ್ತಿತ್ತು, ಮತ್ತು ಪ್ರತಿ ಸಲವೂ ಗೆಲ್ಲಿಸುತ್ತಿತ್ತು.

ಎರಡನೆಯ ಸಲ ಪಕ್ಷ ಆಕೆಯ ಕಡೆ ತಿರುಗಿಯೂ ನೋಡಲಿಲ್ಲ. ಆಕೆ ಪಕ್ಷೇತರಳಾಗಿ ನಿಂತಳು. ಹಟ ಎಂದರೆ ಹಟವೇ. ಆದರೆ ಈ ಸಲ ಗಂಡ ಮೊದಲೇ ಎಚ್ಚರಿಸಿದ್ದ.

“ನೋಡು, ಸ್ಟೇಜ್ ಮೇಲೆ ನಿನ್ನ ಮುಂದೆ ಸಿಪಾಯಿಗಳು ಕೂತಿಲ್ಲ. ಕಾರು ಕಲಿಯೋಕೆ ಬಂದಿರೋರು ಕೂತಿದ್ದಾರೆ ಅಂತ ಅಂದ್ಕೊ. ಕಾರಲ್ಲಿ ಮಾತಾಡೋ ಹಾಗೆ ಮಾತಾಡು.”

“ಕಾರಲ್ಲಿ ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತೆ ರೀ. ಅದಕ್ಕೇ ಅಷ್ಟು ನಿಧಾನ.”

ಆದರೂ ಮಾತು ಕೇಳಿದಳು. ಮನೆಮನೆಗೆ ಹೋದಳು, ಮೈಕು ಬಿಟ್ಟಳು. ಅತ್ತೆ ಕೂಡ ಪಕ್ಷ ಬದಲಾಯಿಸಿ, ಬೇಕರಿಗೆ ಬನ್ನು ಕೊಳ್ಳಲು ಬಂದವರನ್ನೆಲ್ಲ ತಡೆದು ನಿಲ್ಲಿಸಿ ಸೊಸೆಯ ಗುಣಗಾನ ಮಾಡಿದರು. ಗಾಳಿ ತಿರುಗುತ್ತಿದೆ ಎಂದು ಎಲ್ಲರಿಗೂ ಅನ್ನಿಸತೊಡಗಿತು. ನಾಳೆಬನ್ನಿಯವರಿಗೂ ಅನ್ನಿಸಿರಬೇಕು.

ವೋಟಿಗೆ ಒಂದು ವಾರ ಇರುವಾಗ ಊರಿನಲ್ಲಿ ಒಂದು ಮಾತು ಹರಿದಾಡಿತು. ಯಾರು ಶುರು ಮಾಡಿದರು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಕ್ಷೌರದಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ಗಿರಣಿಯ ಗೇಟಿನಲ್ಲಿ ಒಂದೇ ಮಾತು: “ಕ್ಯಾಪ್ಟನ್ನಂತೆ ಕ್ಯಾಪ್ಟನ್! ಯುದ್ಧದಲ್ಲಿ ಆಕೆ ಯಾವಾಗಲೂ ಎಲ್ಲರಿಗಿಂತ ಹಿಂದಿನ ಗಾಡಿಲಿ ಕೂತಿದ್ದಳಂತೆ. ಮುಂದಿನವರು ಸತ್ತರೆ ವಾಪಸ್ ಓಡೋಕೆ ಸುಲಭ ಅಂತ.”

ಇದರಲ್ಲಿ ಅರ್ಧ ಸತ್ಯವಿತ್ತು, ಅದೇ ತೊಂದರೆ. ಆಕೆ ಹಿಂದಿನ ಗಾಡಿಯಲ್ಲೇ ಇದ್ದವಳು. ಗಂಡ ಕುದಿದುಹೋದ. “ಹೋಗಿ ಹೇಳು, ಯಾಕೆ ಹಿಂದೆ ಇದ್ದೆ ಅಂತ. ಒಂದು ಸಲ ಬಾಯಿಬಿಟ್ಟು ಹೇಳು!”

“ಹೇಳಲ್ಲ.”

“ಯಾಕೆ?”

“ಅಲ್ಲಿ ನನ್ನ ಜೊತೆ ಇದ್ದವರಲ್ಲಿ ವಾಪಸ್ ಬರದೇ ಇದ್ದೋರು ಇದ್ದಾರೆ. ಅವರ ಹೆಸರು ಹೇಳಿ ವೋಟು ಕೇಳಲಾ? ನನ್ನಿಂದ ಆಗಲ್ಲ ರೀ.”

ಸೋತಳು. ಈ ಸಲ ಕೂದಲೆಳೆಯಷ್ಟರಲ್ಲಿ ಸೋತಳು, ಅದು ಮೊದಲಿನದಕ್ಕಿಂತ ಹೆಚ್ಚು ನೋಯಿತು. ಮಾರನೆಯ ದಿನ ಗೋಡೆಗಳ ಮೇಲಿನ ತನ್ನ ಪೋಸ್ಟರುಗಳನ್ನು ತಾನೇ ನೀರು ಚಿಮುಕಿಸಿ ಕೆರೆದು ತೆಗೆದಳು. ದಾರಿಹೋಕರು ಅತ್ತ ನೋಡದಂತೆ ನಟಿಸುತ್ತಾ ಹೋದರು. “ರಾಜಕೀಯ ಮುಗೀತು” ಎಂದು ಮನೆಗೆ ಬಂದು ಹೇಳಿ ಕೈ ತೊಳೆದುಕೊಂಡಳು. ನಿಜವಾಗಿಯೂ ಮುಗಿಯಿತೆಂದೇ ಅಂದುಕೊಂಡಿದ್ದಳು.

ಊರಿನ ಆಚೆ ತುದಿಯಲ್ಲಿ ನೂಲಿನ ಗಿರಣಿ ಇತ್ತು. ಅದರಲ್ಲಿ ದುಡಿಯುವ ಹೆಂಗಸರಲ್ಲಿ ಬಹಳ ಮಂದಿ ಇದ್ದದ್ದು ಗುಡ್ಡದ ಮೇಲಿನ ಕಾಲೊನಿಯಲ್ಲಿ, ಕಲ್ಲುಕ್ವಾರಿಯನ್ನೂ ದಾಟಿ. ಸಂಜೆ ಪಾಳಿ ಮುಗಿಯುವ ಮುಂಚೆಯೇ ಸರ್ಕಾರಿ ಬಸ್ಸು ತನ್ನ ಕೊನೆಯ ಸುತ್ತು ಮುಗಿಸಿ ಮಲಗಿಬಿಡುತ್ತಿತ್ತು. ಹೆಂಗಸರು ಕತ್ತಲಾಗುವ ಹೊತ್ತಿಗೆ ಆ ತಿರುವುಗಳ ರಸ್ತೆಯನ್ನು ಕಾಲ್ನಡಿಗೆಯಲ್ಲೇ ಹತ್ತಬೇಕು. ಪಕ್ಕದಲ್ಲೇ ಕ್ವಾರಿಯ ಲಾರಿಗಳು ಜಲ್ಲಿ ಉದುರಿಸುತ್ತಾ ಇಳಿಯುತ್ತಿದ್ದವು. ಇನ್ನೊಂದು ಬಸ್ಸು ಬಿಡಿ ಎಂದು ಕಾಲೊನಿಯವರು ನಾಳೆಬನ್ನಿಯವರ ಬಳಿ ಎಷ್ಟು ಸಲ ಟೀ ಕುಡಿದು ಬಂದಿದ್ದರೋ ಲೆಕ್ಕವಿಲ್ಲ.

ನಾಲ್ಕೈದು ವರ್ಷ ಕಳೆದ ಮೇಲೆ ಒಂದು ಸಂಜೆ ಕ್ಯಾಪ್ಟನಕ್ಕ ಒಬ್ಬ ಕಲಿಯುವವಳನ್ನು ಗುಡ್ಡದ ರಸ್ತೆಯಲ್ಲಿ ಅಭ್ಯಾಸಕ್ಕೆ ಕರೆದೊಯ್ದಿದ್ದಾಗ, ಎರಡನೆಯ ತಿರುವಿನಲ್ಲಿ ಹೆಂಗಸರು ಗುಂಪುಗೂಡಿದ್ದರು. ಮಧ್ಯದಲ್ಲಿ ಒಬ್ಬಳು ರಸ್ತೆಯಂಚಿನಲ್ಲಿ ಕಾಲು ಚಾಚಿ ಕುಳಿತು ಹಲ್ಲು ಕಚ್ಚಿಕೊಂಡಿದ್ದಳು. ಲಾರಿಯಿಂದ ತಪ್ಪಿಸಿಕೊಳ್ಳಲು ಹೋಗಿ ಚರಂಡಿಗೆ ಬಿದ್ದು ಕಾಲು ಮುರಿದಿತ್ತು. ಆಕೆ ಗಿರಣಿಯಲ್ಲಿ ನೂಲು ಸುತ್ತುವವಳು. ಎಲ್ಲರೂ ದಾರದಕ್ಕ ಎನ್ನುತ್ತಿದ್ದರು. ಆಕೆಯ ನಾಲಿಗೆಗೆ ಮೇಸ್ತ್ರಿಗಳೂ ಹೆದರುತ್ತಿದ್ದರು.

ಕ್ಯಾಪ್ಟನಕ್ಕ ತನ್ನ ಶಾಲನ್ನು ಹರಿದು, ಮರದ ಎರಡು ಪಟ್ಟಿ ಇಟ್ಟು ಕಾಲು ಕಟ್ಟಿದಳು. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದಳು.

“ನೋವಾಗ್ತಿದೆಯಾ?”

“ಇಲ್ಲ, ಹಬ್ಬ ಆಗ್ತಿದೆ!” ಎಂದಳು ದಾರದಕ್ಕ. ಆಮೇಲೆ ಆಕೆಯ ಮುಖ ನೋಡಿ, “ನೀವು ಅವರಲ್ವಾ, ಹಿಂದಿನ ಗಾಡಿಯವರು?” ಎಂದಳು.

“ಹೌದು, ಅವಳೇ.”

“ನಾನು ನಿಮಗೆ ವೋಟು ಹಾಕಿಲ್ಲ.”

“ಪರವಾಗಿಲ್ಲ, ಕಾಲು ಆಡಿಸಬೇಡಿ.”

ಆ ವಾರವೇ ಕ್ಯಾಪ್ಟನಕ್ಕ ಒಂದು ಶಾಲೆ ಬೇಡವೆಂದು ಬಿಸಾಡಿದ್ದ ಮಿನಿಬಸ್ಸನ್ನು ಎಳೆಸಿಕೊಂಡು ಬಂದಳು. ಅದರ ಹೊಟ್ಟೆ ಬಿಚ್ಚಿ ಅಂಗಳದ ತುಂಬ ಹರಡಿಕೊಂಡು, ಮೈಯೆಲ್ಲ ಗ್ರೀಸು ಮಾಡಿಕೊಂಡು ಕುಳಿತಳು. ಅತ್ತೆ ಕಿಟಕಿಯಿಂದ ನೋಡಿ, “ಇದು ಮತ್ತೆ ಬಸ್ ಆಗುತ್ತಾ, ಇಲ್ಲ ಪಾತ್ರೆ ಮಾಡ್ಕೋಬೇಕಾ?” ಎಂದು ಕೇಳುತ್ತಿದ್ದರು. ಬಸ್ಸೇ ಆಯಿತು. ಅಂದಿನಿಂದ ಪ್ರತಿ ಸಂಜೆ ಪಾಳಿ ಬಿಡುವ ಹೊತ್ತಿಗೆ ಗಿರಣಿಯ ಗೇಟಿನಲ್ಲಿ ಆ ಹಳದಿ ಬಸ್ಸು ಗುರುಗುಡುತ್ತಾ ನಿಂತಿರುತ್ತಿತ್ತು. ಟಿಕೆಟ್ಟಿಲ್ಲ, ಭಾಷಣವೂ ಇಲ್ಲ. ಹೆಂಗಸರು ಹತ್ತಿ ಕುಳಿತ ತಕ್ಷಣ ನಿದ್ದೆ ಹೋಗುತ್ತಿದ್ದರು. ಗುಡ್ಡದ ಮೇಲೆ ಬ್ರೇಕು ಬಿದ್ದಾಗ ಎಲ್ಲರೂ ಒಟ್ಟಿಗೆ ಎಚ್ಚರಾಗುತ್ತಿದ್ದರು.

ಇದು ನಾಳೆಬನ್ನಿಯವರ ಕಿವಿಗೆ ಬೀಳದೆ ಇರುತ್ತದೆಯೇ? ಒಂದು ದಿನ ಸಾರಿಗೆ ಕಚೇರಿಯ ಅಧಿಕಾರಿಯೊಬ್ಬ ಗಿರಣಿಯ ಗೇಟಿನಲ್ಲೇ ಕಾದಿದ್ದ. ಪರ್ಮಿಟ್ ಇಲ್ಲದೆ ಜನ ಸಾಗಿಸುವಂತಿಲ್ಲ, ಗಾಡಿ ಜಪ್ತಿ ಎಂದ. ಹೆಂಗಸರು ಅವನನ್ನು ಸುತ್ತುವರಿದು ಗಲಾಟೆ ಎಬ್ಬಿಸಿದರು. ಕ್ಯಾಪ್ಟನಕ್ಕ ಕೈ ಎತ್ತಿ ಸುಮ್ಮನಾಗಿಸಿದಳು.

“ಕಾನೂನು ಅಂದ್ರೆ ಕಾನೂನೇ. ತಗೊಳ್ಳಿ ಕೀ. ಪರ್ಮಿಟ್‌ಗೆ ಏನು ಮಾಡಬೇಕು ಹೇಳಿ.”

ಅಧಿಕಾರಿ ನೆಲ ನೋಡಿದ. “ಶಾಸಕರ ಒಂದು ಶಿಫಾರಸು ಬೇಕಾಗುತ್ತೆ, ಮೇಡಂ.”

ಆಕೆ ಹೋದಳು. ನಾಳೆಬನ್ನಿಯವರು ಎದ್ದು ಬಂದರು, ಕೈ ಹಿಡಿದುಕೊಂಡರು, ಅತ್ತೆಯ ಮಂಡಿನೋವು ವಿಚಾರಿಸಿದರು, ಟೀ ತರಿಸಿದರು. “ಒಳ್ಳೇ ಕೆಲಸ ಮಾಡ್ತಿದ್ದೀರಿ, ಸಂತೋಷ. ನಾಳೆ ಬನ್ನಿ, ಮಾಡೋಣ.” ಮಾರನೆಯ ದಿನವೂ ಹೋದಳು. ಅದರ ಮಾರನೆಯ ದಿನವೂ. ನಾಲ್ಕನೆಯ ಸಲ ಆಫೀಸಿನ ಜವಾನನೇ ನಾಚಿಕೊಂಡು, “ಟೀ ತರಲಾ, ಇಲ್ಲ ಹಾಗೇ ಹೋಗ್ತೀರಾ?” ಎಂದು ಕೇಳಿದ.

ಆ ಸಂಜೆ ಗಿರಣಿಯ ಗೇಟಿಗೆ ಆಕೆ ಬರಿಗೈಯಲ್ಲಿ, ಒಂದು ದೊಡ್ಡ ಟಾರ್ಚು ಹಿಡಿದು ಬಂದಳು. “ಬಸ್ಸಿಲ್ಲ. ನಡೆಯೋಣ. ಆದ್ರೆ ಇವತ್ತು ಗಿರಣಿ ಹಿಂದಿನ ರಸ್ತೆ ಬೇಡ. ಪೇಟೆ ಬೀದಿಲಿ ಹೋಗೋಣ.”

ಪೇಟೆ ಬೀದಿಯಿಂದ ಹೋದರೆ ದಾರಿ ಸುತ್ತು. ಆದರೆ ಬೆಳಕಿರುವ, ಅಂಗಡಿಗಳಿರುವ, ಶಾಸಕರ ಆಫೀಸೂ ಇರುವ ಬೀದಿ ಅದು. ಹೆಂಗಸರು ಇಬ್ಬಿಬ್ಬರಾಗಿ ಸಾಲು ಹಿಡಿದರು. ಘೋಷಣೆಯಿಲ್ಲ, ಫಲಕವಿಲ್ಲ, ಊಟದ ಡಬ್ಬಿಗಳ ಸದ್ದು ಮಾತ್ರ. ಕಾರುಗಳು ನಿಂತವು, ಸ್ಕೂಟರುಗಳು ನಿಂತವು. ಅಂಗಡಿಯವರು ಹೊರಗೆ ಬಂದರು. ಕೂದಲಿಗೆ ಹತ್ತಿಯ ಎಳೆ ಅಂಟಿಸಿಕೊಂಡ, ಕಣ್ಣು ಕೆಂಪಾದ ಹೆಂಗಸರ ಸಾಲು ಮುಗಿಯುವ ಹಾಗೇ ಇರಲಿಲ್ಲ. ಇಷ್ಟು ಜನ ದಿನಾ ಕತ್ತಲಲ್ಲಿ ಗುಡ್ಡ ಹತ್ತುತ್ತಿದ್ದರು ಎನ್ನುವುದು ಪೇಟೆಯವರಿಗೆ ಅವತ್ತೇ ಕಣ್ಣಿಗೆ ಬಿದ್ದದ್ದು. ಸಾಲಿನ ಕೊನೆಯಲ್ಲಿ, ಊರುಗೋಲಿನ ಮೇಲೆ ಕುಂಟುತ್ತಿದ್ದ ದಾರದಕ್ಕನ ಹೆಜ್ಜೆಗೆ ಹೆಜ್ಜೆ ಹಾಕಿಕೊಂಡು, ಟಾರ್ಚು ಹಿಡಿದ ಕ್ಯಾಪ್ಟನಕ್ಕ ಬರುತ್ತಿದ್ದಳು.

ಮಾರನೆಯ ಸಂಜೆಯೂ ನಡೆದರು. ಅದರ ಮಾರನೆಯ ಸಂಜೆ ಬಟ್ಟೆ ಅಂಗಡಿಯ ಹುಡುಗಿಯರು ಸೇರಿಕೊಂಡರು. ಆಸ್ಪತ್ರೆಯ ಆಯಾಗಳು ಸೇರಿಕೊಂಡರು. ಆಕೆಯ ಹತ್ತಿರ ಕಾರು ಕಲಿತವರು ಕಾರು ಬಿಟ್ಟು ಬಂದು ನಡೆದರು. ನಾಳೆಬನ್ನಿಯವರ ಆಫೀಸಿನ ಕಿಟಕಿಯ ಪರದೆ ಒಂದು ಸಲ ಸರಿಯಿತು, ಮತ್ತೆ ಮುಚ್ಚಿಕೊಂಡಿತು.

ಚುನಾವಣೆ ಘೋಷಣೆಯಾದ ದಿನ ದಾರದಕ್ಕ ಊರುಗೋಲು ಕುಟ್ಟುತ್ತಾ, ಹಿಂದೆ ಹತ್ತಾರು ಹೆಂಗಸರನ್ನು ಕಟ್ಟಿಕೊಂಡು ಬೇಕರಿಗೆ ಬಂದಳು.

“ಅಕ್ಕ, ನೀವು ನಿಂತ್ಕೋಬೇಕು.”

“ಬೇಡ. ಎರಡು ಸಲ ನಿಂತಿದ್ದೀನಿ, ಎರಡು ಸಲ ಸೋತಿದ್ದೀನಿ. ಸಾಕು.”

“ಆ ಎರಡು ಸಲ ನಿಮ್ಮಷ್ಟಕ್ಕೆ ನೀವು ನಿಂತಿದ್ರಿ. ಈ ಸಲ ನಾವು ನಿಲ್ಲಿಸ್ತೀವಿ. ನಿಮ್ಮನ್ನ ಕೇಳೋಕೆ ಬಂದಿಲ್ಲ, ಹೇಳೋಕೆ ಬಂದಿದ್ದೀವಿ.”

ಕ್ಯಾಪ್ಟನಕ್ಕ ಗಂಡನ ಕಡೆ ನೋಡಿದಳು. ಅವನು ಹಿಟ್ಟಿನ ಕೈಗಳನ್ನು ಮೇಲಕ್ಕೆತ್ತಿ, “ನನ್ನನ್ನ ಯಾಕೆ ನೋಡ್ತೀಯ? ನಾನು ಬ್ರೆಡ್ ಮಾಡೋನು” ಎಂದ. ಅತ್ತೆ ಒಳಗಿನಿಂದಲೇ ಕೂಗಿದರು: “ಒಪ್ಕೊಳ್ಳೇ ಸಾಕು! ಆಗಿನಿಂದ ಗಿರಾಕಿಗಳು ಬಾಗಿಲಲ್ಲಿ ನಿಂತಿದ್ದಾರೆ!”

ಒಪ್ಪಿಕೊಂಡಳು.

ಆ ಪ್ರಚಾರದಲ್ಲಿ ಜೀಪೂ ಇರಲಿಲ್ಲ, ಟ್ಯಾಂಕೂ ಇರಲಿಲ್ಲ. ಹೆಂಗಸರು ಪಾಳಿ ಮುಗಿಸಿ ಬೀದಿ ಬೀದಿ ಹಂಚಿಕೊಂಡು ಹೋಗುತ್ತಿದ್ದರು. ದಾರದಕ್ಕ ಮುಂದೆ. ಮನೆಯವರು ಬಾಗಿಲು ತೆರೆದು, “ಅಭ್ಯರ್ಥಿ ಎಲ್ಲಿ?” ಎಂದರೆ, “ಹಿಂದೆ ಬರ್ತಿದ್ದಾರೆ” ಎನ್ನುವಳು. ಕ್ಯಾಪ್ಟನಕ್ಕ ನಿಜಕ್ಕೂ ಹಿಂದೆ ಎರಡು ಮನೆ ಆಚೆ, ಯಾವುದೋ ಅಜ್ಜನ ಪಿಂಚಣಿಯ ಗೋಳನ್ನೋ, ಯಾವುದೋ ಮನೆಯ ಚರಂಡಿಯ ಕಥೆಯನ್ನೋ ಪೂರ್ತಿ ಕೇಳಿಸಿಕೊಳ್ಳುತ್ತಾ ನಿಂತಿರುತ್ತಿದ್ದಳು. ಅಡ್ಡ ಮಾತಾಡುತ್ತಿರಲಿಲ್ಲ. ಮಾಡುತ್ತೇನೆ ಎಂದೂ ಹೇಳುತ್ತಿರಲಿಲ್ಲ. “ಇದು ನನ್ನ ಕೈಲಿ ಆಗುತ್ತೆ, ಇದು ಆಗಲ್ಲ, ಇದು ಗೊತ್ತಿಲ್ಲ, ತಿಳ್ಕೊಂಡು ಹೇಳ್ತೀನಿ” ಎನ್ನುವಳು. ಇಂಥ ಉತ್ತರ ಕೊಡುವ ಅಭ್ಯರ್ಥಿಯನ್ನು ಕಂಡು ಜನ ಮೊದಲು ಕಕ್ಕಾಬಿಕ್ಕಿಯಾದರು. ಆಮೇಲೆ ಅಕ್ಕಪಕ್ಕದವರನ್ನೂ ಕರೆಯತೊಡಗಿದರು.

ಹಳೆಯ ಮಾತು ಮತ್ತೆ ಎದ್ದಿತು. ಹಿಂದಿನ ಗಾಡಿ, ಹಿಂದಿನ ಗಾಡಿ. ಈ ಸಲ ಪೋಸ್ಟರೇ ಬಂತು: ಲಾರಿಯ ಹಿಂದೆ ಅವಿತ ಹೆಂಗಸಿನ ವ್ಯಂಗ್ಯಚಿತ್ರ.

ವೋಟಿಗೆ ಮುಂಚಿನ ಭಾನುವಾರ ಊರಿನ ಗ್ರಂಥಾಲಯದ ಸಭಾಂಗಣದಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿದರು. ಕುರ್ಚಿ ಸಾಲದೆ ಜನ ಪುಸ್ತಕದ ಕಪಾಟುಗಳಿಗೆ ಒರಗಿ ನಿಂತಿದ್ದರು. ನಾಳೆಬನ್ನಿಯವರು ಮೊದಲು ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ನಗಿಸಿದರು. ಕೊನೆಗೆ ಮೆತ್ತಗೆ ಕೇಳಿದರು: “ಕ್ಯಾಪ್ಟನ್ ಮೇಡಂ ಬಗ್ಗೆ ನನಗೆ ಗೌರವ ಇದೆ. ಆದ್ರೆ ಒಂದು ಅನುಮಾನ. ನಾಯಕರು ಮುಂದೆ ಇರಬೇಕಲ್ವಾ? ಯುದ್ಧದಲ್ಲಿ ನೀವು ಎಲ್ಲಿದ್ರಿ?”

ಗಂಡ ಕಣ್ಣು ಮುಚ್ಚಿಕೊಂಡ. ಕ್ಯಾಪ್ಟನಕ್ಕ ಎದ್ದಳು. ಮೈಕನ್ನು ಪಕ್ಕಕ್ಕೆ ಸರಿಸಿದಳು. ಕಾರಿನ ಎಡಗಡೆ ಸೀಟಿನಲ್ಲಿ ಕೂತು ಮಾತಾಡುವ ದನಿಯಲ್ಲೇ ಶುರು ಮಾಡಿದಳು.

“ಹಿಂದಿನ ಗಾಡಿಲಿದ್ದೆ. ಯಾವಾಗಲೂ ಕೊನೇ ಗಾಡಿಲೇ. ಅದು ನನಗೆ ಒಪ್ಪಿಸಿದ ಕೆಲಸ. ಸಾಲಲ್ಲಿ ಕೆಟ್ಟು ನಿಂತ ಲಾರಿನ ಎಳಕೊಂಡು ಬರೋದು, ಬಿದ್ದವರನ್ನ ಎತ್ತಿ ಹಾಕ್ಕೊಳ್ಳೋದು. ಮುಂದಿನ ಗಾಡಿಗಳು ದಾಟಿ ಹೋಗೋ ಹೊತ್ತಿಗೆ ಗಡಿಯ ಆ ಕಡೆಯವರಿಗೆ ನಾವು ಎಲ್ಲಿದ್ದೀವಿ ಅಂತ ಗೊತ್ತಾಗಿರ್ತಿತ್ತು. ಗುಂಡು ಬೀಳ್ತಾ ಇದ್ದದ್ದು ಹಿಂದೆ ಉಳಿದವರ ಮೇಲೆ.”

ಒಂದು ಹೆಜ್ಜೆ ಮುಂದೆ ಬಂದು ಮಾತು ಮುಂದುವರಿಸಿದಳು.

“ಒಂದು ಸಲ ಕಣಿವೆಯ ತಿರುವಲ್ಲಿ ಒಂದು ಲಾರಿ ನಿಂತುಬಿಡ್ತು. ಅಂಥ ಗಾಡಿನ ಪ್ರಪಾತಕ್ಕೆ ತಳ್ಳಿ ಮುಂದೆ ಹೋಗಿ ಅಂತ ಆರ್ಡರು. ಹತ್ತಿರ ಹೋಗಿ ನೋಡಿದ್ರೆ ಡ್ರೈವರ್ ಒಳಗೇ ಇದ್ದಾನೆ. ಚಳಿಗೂ ಭಯಕ್ಕೂ ಸ್ಟೀರಿಂಗ್ ಹಿಡಿದ ಕೈ ಬಿಡಿಸೋಕೇ ಬರ್ತಿಲ್ಲ. ಹಿಂದೆ ಗಾಯ ಆದವರು ಮಲಗಿದ್ದಾರೆ. ನಾನು ಚೈನ್ ಕಟ್ಟಿದೆ. ನನ್ನ ಜೊತೆ ಚೈನ್ ಕಟ್ಟೋಕೆ ಇಳಿದ ಇಬ್ಬರಲ್ಲಿ ಒಬ್ಬ ವಾಪಸ್ ಹತ್ತಲಿಲ್ಲ. ಉಳಿದವರನ್ನೆಲ್ಲ ಎಳಕೊಂಡು ಬಂದೆ. ಇದನ್ನ ಇಷ್ಟು ದಿನ ಹೇಳಿರಲಿಲ್ಲ, ಯಾಕಂದ್ರೆ ಅದು ಅವನ ಸಾವು, ನನ್ನ ಪ್ರಚಾರದ ಸಾಮಾನಲ್ಲ. ಇವತ್ತು ಹೇಳ್ತಿರೋದು ವೋಟಿಗಲ್ಲ. ಆ ಪೋಸ್ಟರ್ ನೋಡಿದ್ರೆ ಅವನ ತಾಯಿಗೆ ಬೇಜಾರಾಗುತ್ತೆ, ಅದಕ್ಕೆ.”

ಆಮೇಲೆ ಶಾಸಕರ ಕಡೆ ತಿರುಗಿದಳು. ಸಿಟ್ಟಿರಲಿಲ್ಲ.

“ಮುಂದಿನ ಗಾಡಿಲಿ ಕೂತವರಿಗೆ ದಾರಿ ಕಾಣುತ್ತೆ, ಸರ್. ಯಾರು ಹಿಂದೆ ಉಳಿದ್ರು ಅಂತ ಕಾಣೋದು ಕೊನೇ ಗಾಡಿಯವರಿಗೆ ಮಾತ್ರ. ನೀವು ಇಷ್ಟು ವರ್ಷ ಮುಂದಿನ ಗಾಡಿಲಿದ್ರಿ. ಒಂದು ಸಲ ತಿರುಗಿ ನೋಡಿದ್ರಾ?”

ಹಿಂದಿನ ಸಾಲಿನಿಂದ ದಾರದಕ್ಕನ ಊರುಗೋಲು ನೆಲಕ್ಕೆ ಬಡಿಯತೊಡಗಿತು. ಮಂಡಿನೋವಿನ ಅತ್ತೆ ಯಾರ ಆಸರೆಯೂ ಇಲ್ಲದೆ ಎದ್ದು ನಿಂತರು. ಅವರು ಎದ್ದದ್ದು ಕಂಡು ಪಕ್ಕದವರು ಎದ್ದರು. ಸಭಾಂಗಣವೇ ಎದ್ದಿತು. ಚಪ್ಪಾಳೆಗೆ ಕಪಾಟಿನ ಗಾಜುಗಳು ಅದುರಿದವು. ಈ ಸಲ ಯಾರೂ ಭಯದಿಂದ ತಟ್ಟುತ್ತಿರಲಿಲ್ಲ. ಗಂಡ ಕಣ್ಣು ತೆರೆದಾಗ ಅದು ಒದ್ದೆಯಾಗಿತ್ತು. ಹಿಟ್ಟಿನ ಧೂಳು ಎಂದು ಆಮೇಲೆ ಹೇಳಿಕೊಂಡ, ಭಾನುವಾರ ಬೇಕರಿಗೆ ರಜೆ ಇದ್ದರೂ.

ವೋಟಿನ ದಿನ ಗುಡ್ಡದವರ ಮತಗಟ್ಟೆ ಕೆಳಗೆ ಶಾಲೆಯಲ್ಲಿತ್ತು. ಅಭ್ಯರ್ಥಿಗಳು ಮತದಾರರನ್ನು ಗಾಡಿಯಲ್ಲಿ ಕರೆತರುವಂತಿಲ್ಲ. ಯಾರೂ ಗಾಡಿ ಕೇಳಲಿಲ್ಲ. ಬೆಳಗಿನ ಬಿಸಿಲಿನಲ್ಲಿ ಗುಡ್ಡದ ರಸ್ತೆಯ ತುಂಬ ಜನ ಇಳಿದು ಬರುತ್ತಿದ್ದರು. ಹೆಂಗಸರು, ಅವರ ಗಂಡಂದಿರು, ಕೈ ಹಿಡಿಸಿಕೊಂಡ ಮುದುಕರು. ಕ್ವಾರಿಯ ಲಾರಿಗಳೇ ಅಂಚಿಗೆ ಸರಿದು ನಿಂತು ದಾರಿ ಬಿಟ್ಟವು.

ಎಣಿಕೆಯ ದಿನ ಮೊದಲ ಸುತ್ತುಗಳಲ್ಲಿ ನಾಳೆಬನ್ನಿಯವರೇ ಮುಂದಿದ್ದರು. ಅವರ ಮನೆಯ ಮುಂದೆ ಪಟಾಕಿಯ ಪೆಟ್ಟಿಗೆಗಳು ಬಂದಿಳಿದವು. ಬೇಕರಿಯಲ್ಲಿ ರೇಡಿಯೋ ಹಚ್ಚಿಟ್ಟು ಎಲ್ಲರೂ ಕಿವಿಗೊಟ್ಟು ಕುಳಿತಿದ್ದರು. ಗಂಡ ಒಂದು ಒಲೆ ಬ್ರೆಡ್ಡನ್ನು ಸೀಯಿಸಿದ. ಪೇಟೆ ಬೀದಿಯ ಮತಪೆಟ್ಟಿಗೆಗಳು ಬಿಚ್ಚಿದಾಗ ಅಂತರ ಕರಗತೊಡಗಿತು. ಆ ಬೀದಿ ಯಾವತ್ತೂ ಹಳೆಯವರದೇ ಕೋಟೆ; ಅದು ಬಿರುಕು ಬಿಟ್ಟಿತ್ತು. ಗಂಡ ಇನ್ನೊಂದು ಒಲೆ ಸೀಯಿಸಿದ. ಆಮೇಲೆ ಗುಡ್ಡದ ಪೆಟ್ಟಿಗೆಗಳು ಬಿಚ್ಚಿದವು.

ರೇಡಿಯೋದವನು ಅಂಕಿ ಓದಿದ. ತಪ್ಪು ಓದಿದೆನೇನೋ ಎಂದು ಇನ್ನೊಂದು ಸಲ ಓದಿದ. ಅಂಗಳದಲ್ಲಿ ನಿಂತಿದ್ದ ಗಿರಣಿಯ ಹೆಂಗಸರು ಕೂಗಿದ ಕೂಗಿಗೆ ಬೇಕರಿಯ ತಗಡಿನ ಮಾಡಿನಿಂದ ಪಾರಿವಾಳಗಳು ಒಟ್ಟಿಗೆ ಎದ್ದವು. ದಾರದಕ್ಕ ಊರುಗೋಲನ್ನು ಗಾಳಿಗೆಸೆದು, ಅದು ಎಲ್ಲಿ ಬಿತ್ತೆಂದು ತಿಳಿಯದೆ, ಇಬ್ಬರ ಹೆಗಲ ಮೇಲೆ ಕೈ ಹಾಕಿ ಕುಣಿದಳು. ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಗೆದ್ದವರು ತಾವೇ ಎನ್ನುವ ಹಾಗೆ ಬಂದವರ ಅಭಿನಂದನೆ ಸ್ವೀಕರಿಸಿದರು. ಸೀದ ಬ್ರೆಡ್ಡನ್ನೂ ಜನ ಕಿತ್ತುಕೊಂಡು ತಿಂದರು.

ಕ್ಯಾಪ್ಟನಕ್ಕ ಮಾತ್ರ ಗಂಡನ ಪಕ್ಕ ಹಿಟ್ಟಿನ ಮೂಟೆಯ ಮೇಲೆ ಕುಳಿತುಬಿಟ್ಟಿದ್ದಳು.

“ಏನಾಯ್ತು?” ಎಂದ ಗಂಡ.

“ಏನೂ ಇಲ್ಲ ರೀ. ಗೆದ್ದೆ.”

ಮಧ್ಯಾಹ್ನದ ಹೊತ್ತಿಗೆ ನಾಳೆಬನ್ನಿಯವರು ಒಬ್ಬರೇ ನಡೆದು ಬಂದರು. ಗುಂಪು ದಾರಿ ಬಿಟ್ಟಿತು. ಅವರು ಎಂದಿನಂತೆ ಆಕೆಯ ಎರಡೂ ಕೈ ಹಿಡಿದುಕೊಂಡರು, ಆದರೆ ನಗಲಿಲ್ಲ. “ತಿರುಗಿ ನೋಡಿರಲಿಲ್ಲಮ್ಮ” ಎಂದರು. “ಒಳ್ಳೇದಾಗಲಿ.” ಆಕೆ ಅವರನ್ನು ಕೂರಿಸಿ ಟೀ ಕೊಟ್ಟಳು. ಅವರು ಲೋಟ ಖಾಲಿ ಮಾಡಿಯೇ ಎದ್ದರು.

ವಿಧಾನಸಭೆಯ ಮೊದಲ ಅಧಿವೇಶನದಲ್ಲಿ, ಗುಡ್ಡಕ್ಕೆ ಸಂಜೆಯ ಬಸ್ಸು ಯಾವಾಗ ಎಂದು ಆಕೆ ಕೇಳಿದ ಪ್ರಶ್ನೆ ಚಿಕ್ಕದು, ಉತ್ತರ ಬರುವವರೆಗೆ ಕೂರದೆ ನಿಂತದ್ದು ಮಾತ್ರ ಬಹಳ ಹೊತ್ತು. ಮಂತ್ರಿಗಳು ಪರಿಶೀಲಿಸುತ್ತೇವೆ ಎಂದರು. ಯಾವ ತಿಂಗಳೊಳಗೆ ಎಂದಳು. ಆದಷ್ಟು ಬೇಗ ಎಂದರು. ಯಾವ ತಿಂಗಳೊಳಗೆ ಎಂದಳು. ಸಭೆಯಲ್ಲಿ ನಗು ಎದ್ದಿತು, ಸಭಾಧ್ಯಕ್ಷರೂ ನಕ್ಕರು. ಮಂತ್ರಿಗಳು ತಿಂಗಳ ಹೆಸರು ಹೇಳಲೇಬೇಕಾಯಿತು.

ಆ ತಿಂಗಳ ಕೊನೆಗೆ ಹೊಸ ಬಣ್ಣದ ವಾಸನೆ ಇನ್ನೂ ಆರದ ಸರ್ಕಾರಿ ಬಸ್ಸೊಂದು ಪಾಳಿ ಬಿಡುವ ಹೊತ್ತಿಗೆ ಗಿರಣಿಯ ಗೇಟಿಗೆ ಬಂದು ನಿಂತಿತು. ಡ್ರೈವರ್ ಸೀಟಿನಲ್ಲಿ ಬೇರೆ ಯಾರೋ ಇದ್ದ. ಕ್ಯಾಪ್ಟನಕ್ಕ ಟಿಕೆಟ್ಟು ತೆಗೆದುಕೊಂಡು ದಾರದಕ್ಕನ ಪಕ್ಕದಲ್ಲಿ ಕುಳಿತಳು. ತಿರುವುಗಳಲ್ಲಿ ಆಕೆಯ ಬಲಗಾಲು ತನ್ನಷ್ಟಕ್ಕೆ ತಾನೇ ಇಲ್ಲದ ಬ್ರೇಕನ್ನು ಒತ್ತುತ್ತಿದ್ದುದನ್ನು ಕಂಡು ದಾರದಕ್ಕ ನಕ್ಕಳು. ಆ ದಿನ ಯಾರೂ ನಿದ್ದೆ ಹೋಗಲಿಲ್ಲ. ಕಿಟಕಿಗಳ ಆಚೆ ಊರಿನ ದೀಪಗಳು ಒಂದೊಂದಾಗಿ ಕೆಳಗಿಳಿಯುತ್ತಿದ್ದವು.

ಗುಡ್ಡದ ಮೇಲೆ ಕಾಲೊನಿಗೆ ಕಾಲೊನಿಯೇ ಹೊರಗೆ ನಿಂತಿತ್ತು. ಮಕ್ಕಳು ಬಸ್ಸಿನ ಮೈ ಸವರಿದರು. ಕೂಗು, ಶಿಳ್ಳೆ, ಯಾರೋ ತಟ್ಟೆ ಬಡಿಯುತ್ತಿದ್ದರು. ಆಕೆ ಇಳಿಯುತ್ತಿದ್ದಂತೆಯೇ ಒಬ್ಬಳು ಮುದುಕಿ ಜನರನ್ನು ಮೊಣಕೈಯಿಂದ ಸರಿಸಿಕೊಂಡು ಮುಂದೆ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಬಸ್ಸು ಬಂತು, ಒಳ್ಳೇದಾಯ್ತು. ನೀರಿನ ಪೈಪಿನ ಕಥೆ ಏನು? ನಲ್ಲಿಲಿ ಗಾಳಿ ಬರುತ್ತೆ, ನೀರು ಬರಲ್ಲ!”

“ಅಜ್ಜಿ, ಇವತ್ತಾದ್ರೂ ಬಿಡು!” ಎಂದು ಯಾರೋ ಗದರಿದರು.

ಕ್ಯಾಪ್ಟನಕ್ಕ ಗಟ್ಟಿಯಾಗಿ ನಕ್ಕಳು. ಹತ್ತಿರದ ಮನೆಯ ಮೆಟ್ಟಿಲ ಮೇಲೆ ಕುಳಿತು, ಪಕ್ಕದ ಜಾಗವನ್ನು ಕೈಯಿಂದ ಒರೆಸಿ ತೋರಿಸಿದಳು.

“ಬನ್ನಿ ಅಜ್ಜಿ, ಕೂತ್ಕೊಳ್ಳಿ. ಪೈಪು ಎಲ್ಲಿಂದ ಬರುತ್ತೆ, ಹೇಳಿ.”